ದಾಕ್ಷಾಯಿಣಿಯ ಇನ್ನೊಂದು ಹೆಸರು

ನೋಡಿ, ಒಂದು ಊರಿನಲ್ಲಿ ದಾಕ್ಷಾಯಿಣಿ ಎಂಬ ಗೃಹಿಣಿಯಿದ್ದಳು. ಗೌರವಸ್ಥರ ಮನೆ. ಮಗಳಿಗೆ ನರ್ಸಿಂಗ್ ಓದಬೇಕೆಂಬ ಆಸೆ. ಗಂಡ ಬಸವಂತಪ್ಪ, "ನನ್ನ ಕೈಲೆ ಆಗಂಗಿಲ್ಲ" ಎಂದ.

"ಹಂಗಾರ ನಾ ದುಡದು ಓದಸ್ತೀನಿ."

"ನಮ್ಮ ಮನಿ ಹೆಣ್ಮಕ್ಕಳು ಕೂಲಿಗೆ ಹೋದ್ರ ನಾಕು ಮಂದ್ಯಾಗ ನಾ ಹೆಂಗ ತಲಿ ಎತ್ತಲಿ?"

ಮಾತು ಅಲ್ಲಿಗೇ ಮುಗಿಯಿತು.

ಮರುವಾರದಿಂದ ಅವಳು ಮಠದ ದಾಸೋಹಕ್ಕೆ ಕಾಯಿಪಲ್ಲೆ ಹೆಚ್ಚಲು ಹೋಗುತ್ತೇನೆಂದು ಹೊರಟಳು. ಮಠವೆಂದರೆ ಯಾರು ಬೇಡವೆಂದಾರು? ಆದರೆ ಬಸ್ಸು ಇಳಿಯುತ್ತಿದ್ದದ್ದು ಒಂದು ಪಟಾಕಿ ಶೆಡ್ಡಿನ ಹತ್ತಿರ. ಪರವಾನಗಿ ಇಲ್ಲದ ಜಾಗ, ಯಾರ ಗುರುತೂ ಕೇಳುತ್ತಿರಲಿಲ್ಲ. ಅಲ್ಲಿ ಅವಳು ಸುಮಿತ್ರಾ. ಸಂಜೆ ಮದ್ದಿನ ವಾಸನೆ ಹೋಗುವವರೆಗೂ ಕೈ ತಿಕ್ಕಿ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಮನೆಗೆ ಬರುವಳು. ಮಗಳ ಫೀಸಿಗೆ ವಿದ್ಯಾರ್ಥಿವೇತನ ಬಂತೆಂದಳು. ಗಂಡ ನಂಬಿದ. ನಂಬುವುದು ಅವನಿಗೆ ಅನುಕೂಲವಾಗಿತ್ತು.

ಪಕ್ಕದಲ್ಲಿ ಕೂತು ಮದ್ದು ತುಂಬುತ್ತಿದ್ದ ಹುಸೇನಬಿಗೆ ಮಾತ್ರ ನಿಜ ಗೊತ್ತು. "ಮನ್ಯಾಗ ಹೇಳಿಬಿಡವಾ" ಎಂದರೆ, "ಮಗಳ ಓದು ಮುಗೀಲಿ ಅಕ್ಕಾ" ಎನ್ನುವಳು.

ಎರಡು ವರ್ಷವಾಯಿತು. ಒಂದು ಮಧ್ಯಾಹ್ನ ಶೆಡ್ಡು ಸಿಡಿಯಿತು.

ಸಂಜೆ ಬಸವಂತಪ್ಪ ಮಠಕ್ಕೆ ಹೋದ. "ಆ ಹೆಸರಿನವರು ಇಲ್ಲಿಗೆ ಬಂದೇ ಇಲ್ಲಲ್ರೀ" ಎಂದರು. ಮರುದಿನ, ಪಟಾಕಿ ಶೆಡ್ಡಿನಲ್ಲಿ ಸುಟ್ಟ ಹೆಂಗಸರನ್ನು ತಂದಿದ್ದಾರೆಂಬ ಯಾರದೋ ಮಾತು ಕೇಳಿ ಆಸ್ಪತ್ರೆಗೂ ಹೋದ. ಮೈತುಂಬ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದವಳಿಗೆ ವಾರ್ಡಿನ ಬಾಗಿಲಲ್ಲಿ ಗಂಡನ ದನಿ ಕೇಳಿಸಿತು.

"ದಾಕ್ಷಾಯಿಣಿ ಅಂತ ಯಾರರೆ ಅದಾರೇನ್ರೀ?"

ನರ್ಸು ಪಟ್ಟಿ ನೋಡಿದಳು. "ಇಲ್ರೀ."

"ಚಲೋ ಆತು ಬಿಡ್ರಿ. ನಮ್ಮಾಕಿ ಅಂಥಾ ಕಡೆ ಹೋಗಾಕಿ ಅಲ್ಲ."

ಕೂಗಬೇಕೆಂದಳು. ಗಂಟಲು ಬೆಂದಿತ್ತು. ಬೆರಳು ಅಲುಗಿಸಿದಳು, ಯಾರೂ ನೋಡಲಿಲ್ಲ. ಅವನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವುದನ್ನು ಕೇಳುತ್ತ ಮಲಗಿದಳು.

ಮೂರನೆಯ ದಿನ ಹುಸೇನಬಿ, ಸುಟ್ಟ ತೋಳಿಗೆ ಬಟ್ಟೆ ಕಟ್ಟಿಕೊಂಡೇ, ಅವಳ ಮನೆ ಹುಡುಕಿಕೊಂಡು ಬಂದಳು. ಗಂಡನೂ ಮಗಳೂ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಸುಳ್ಳು ಹೇಳಿದಳು, ಅನುಭವಿಸಿದಳು ಎನ್ನುವಿರಾ? ಹೌದು, ಸುಳ್ಳು ಹೇಳಿದಳು. ಆದರೆ ಅದಕ್ಕೂ ಮೊದಲು ನಿಜ ಹೇಳಿದ್ದಳಲ್ಲ? ಎದುರಿಗೆ ನಿಂತೇ ಹೇಳಿದ್ದಳು. ಕೇಳಿದವರು ಯಾರು? ಎರಡು ವರ್ಷ ಒಂದೇ ಸೂರಿನಡಿ ಇದ್ದವನು, "ದಿನವೆಲ್ಲ ಹೇಗಿದ್ದೆ?" ಎಂದು ಒಮ್ಮೆಯಾದರೂ ಕೇಳಿದನೆ? ನೀವು ಕೇಳಿದ್ದೀರಾ?

ಇವತ್ತು ಮನೆಗೆ ಹೋಗಿ. ಊಟಕ್ಕೆ ಮೊದಲು ಹೆಂಡತಿಯನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ನನ್ನೆದುರು ಹೇಳಲಾಗದ್ದು ನಿನಗೇನಿದೆ ಎಂದು ಕೇಳಿ. ಅವಳು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಸಿಟ್ಟು ಬಂದರೆ ನೀರು ಕುಡಿದು ಸುಮ್ಮನೆ ಕೂತಿರಿ. ಅಷ್ಟು ಮಾಡಲಾರದವರು ನಾಳೆ ಪ್ರವಚನಕ್ಕೆ ಬಂದು ನನ್ನ ಕಾಲಿಗೆ ಬೀಳಬೇಡಿ.