ಬೊಂಬೆ ಉಟ್ಟ ಮುಹೂರ್ತದ ಸೀರೆ

ಶುಕ್ರವಾರ ಬೆಳಿಗ್ಗೆ ಮದುರೆಯ ಜವಳಿ ಅಂಗಡಿಯಲ್ಲಿ ಟವೆಲ್ ಹಿಡಿದು ಬಿಲ್ಲಿನ ಸಾಲಿನಲ್ಲಿ ನಿಂತಿದ್ದ ಪೂಂಗೊಡಿಯ ಕಿವಿ ಪಕ್ಕದ ಮಾತಿನ ಕಡೆ ಹೋಯಿತು. ಒಬ್ಬ ಹೆಂಗಸು ಸೀರೆ ತೋರಿಸುವವನ ಮೂಗಿನ ಹತ್ತಿರ ಫೋನ್ ಹಿಡಿದಿದ್ದಳು.

"ತಂಬಿ, ಮಗಳ ಮುಹೂರ್ತಕ್ಕೆ ಈ ಸೀರೇನೇ ಬೇಕು. ಮದುರೆ ಅಂಗಡೀಲಿ ಒಂದಿದೆ ಅಂತ ನಿಮ್ಮ ವೆಬ್‌ಸೈಟೇ ಹೇಳ್ತಿದೆ."

"ನಮ್ಮ ಕಂಪ್ಯೂಟರಲ್ಲಿ ಇಲ್ಲಮ್ಮ."

"ಹಾಗಾದ್ರೆ ಆ ಬೊಂಬೆ ಉಟ್ಕೊಂಡಿರೋದೇನು?"

ಅವನು ತಿರುಗಿ ನೋಡಿದ. ಪೂಂಗೊಡಿಯೂ ನೋಡಿದಳು. ಅದೇ ಮಾವಿನ ಚಿಗುರಿನ ಬಣ್ಣ, ಅದೇ ಅಂಚು.

"ಓ, ಅದು ಚೆನ್ನೈ ಆಫೀಸಿನ ವೆಬ್‌ಸೈಟಿನೋರ ಮಾಲು. ನಾನು ಬಿಲ್ ಹಾಕೋಕಾಗಲ್ಲ. ನೀವು ಫೋನಲ್ಲೇ ದುಡ್ಡು ಕಟ್ಟಿ. ಸಾಯಂಕಾಲ ಚೆನ್ನೈನೋರು ಹೇಳಿದ್ಮೇಲೆ ಬಿಚ್ಚಿಕೊಡ್ತೀನಿ."

"ಎದುರಿಗೇ ಇರೋ ಸೀರೆಗೆ ಚೆನ್ನೈನೋರು ಹೇಳಬೇಕಾ?"

"ಬೋರ್ಡ್ ಒಂದೇ ಅಷ್ಟೆ ಅಮ್ಮಾ. ಅವರೇ ಬೇರೆ, ನಾವೇ ಬೇರೆ."

"ಇನ್ನೇನು ರಾಹುಕಾಲ ಶುರುವಾಗತ್ತೆ. ಮುಹೂರ್ತದ ಸೀರೆ ಅಷ್ಟರೊಳಗೆ ನಮ್ಮದಾಗಬೇಕಪ್ಪ."

"ನಾನೇನು ಮಾಡ್ಲಿ, ಹೇಳಿ."

ಹೆಂಗಸು ಅಲ್ಲೇ ನಿಂತು ಫೋನಿನಲ್ಲಿ ದುಡ್ಡು ಕಟ್ಟಿದಳು. ಆಮೇಲೆ ಚೀಲದಿಂದ ಅರಿಶಿನದ ಪೊಟ್ಟಣ ತೆಗೆದು, ಬೊಂಬೆಯ ಸೆರಗಿನ ತುದಿಗೆ ಒಂದು ಬೊಟ್ಟು ಹಚ್ಚಿದಳು.

"ಅಯ್ಯೋ ಅಮ್ಮಾ, ಅದಿನ್ನೂ ಅಂಗಡೀದು."

"ಅರಿಶಿನ ಹಚ್ಚಿದ್ಮೇಲೆ ನಮ್ಮದು ತಂಬಿ. ಚೆನ್ನೈನೋರಿಗೆ ನಿಧಾನಕ್ಕೆ ಗೊತ್ತಾಗ್ಲಿ."

ಅವಳು ಬಾಗಿಲ ತನಕ ಹೋಗಿ ಒಮ್ಮೆ ತಿರುಗಿದಳು.

"ಸಾಯಂಕಾಲ ಬರ್ತೀನಿ. ಅಲ್ಲೀತನಕ ನಿನ್ನ ಬೊಂಬೆ ನನ್ನ ಮಗಳ ಸೀರೆ ಉಟ್ಕೊಂಡಿರ್ಲಿ, ಪರವಾಗಿಲ್ಲ."