ಸಿಡಿದ ಕುಕ್ಕರಿನ ಕೇಸು

"ಅಕ್ಕಾ, ಕುಕ್ಕರ್ ಮಾರಿದನಲ್ಲ, ಆ ಅಂಗಡಿಯವನನ್ನ ಒಂದೇ ಏಟಿಗೆ ಬಾಪೂಜಿ ನಗರದಿಂದ ಕೆಂಗೇರಿಗೆ ಹಾರಿಸ್ಬಿಟ್ಟೆ!"

ಹೊಸಹಳ್ಳಿ ಮೆಟ್ರೋದ ಟಿಕೆಟ್ ಸಾಲಿನಲ್ಲಿ ಮಹದೇವ ಸ್ಪೀಕರ್ ಹಾಕಿಕೊಂಡು ಗರ್ಜಿಸುತ್ತಿದ್ದ. ಆ ಗರ್ಜನೆಗೆ ಹಳಿಯ ಮೇಲಿನ ರೈಲೇ ಹಿಂದಕ್ಕೆ ಹೋಗಬೇಕಿತ್ತು. ಆ ಕಡೆ, ದೋಹಾದಲ್ಲಿ, ಅವನಕ್ಕ ಸುಮಾ.

"ಹೊಡೆದ್ಯಾ? ನಾನು ಇಲ್ಲಿ ಕೂತ್ಕೊಂಡು ಗ್ರಾಹಕರ ಕೋರ್ಟಲ್ಲಿ ಕೇಸ್ ಹಾಕಿದ್ರೆ, ನೀನು ರೌಡಿಸಂ ಮಾಡ್ತೀಯೇನೋ?"

"ಅಮ್ಮನ ಕೈ ಬೆಂದು ಚರ್ಮ ಕಿತ್ತು ಬಂದಿದೆ ಅಕ್ಕಾ! ಅವನ ಹಲ್ಲೆಲ್ಲಾ ಉದುರಿಸಿ ಅವನ ಜೇಬಿಗೇ ತುಂಬ್ದೆ."

"ಯಾವುದ್ರಲ್ಲಿ ಹೊಡೆದೆ?"

"ಅದೇ, ಸಿಡಿದ ಕುಕ್ಕರಲ್ಲೇ!"

"ಅಯ್ಯೋ ಪಾಪಿ, ನಮಗಿರೋ ಸಾಕ್ಷಿ ಅದೊಂದೇ ಕಣೋ! ನಾಳೆ ಕೋರ್ಟಿಗೆ ಅದನ್ನ ತೋರಿಸ್ಬೇಕು. ಎಲ್ಲಿದೆ? ವಿಡಿಯೋ ಹಾಕು."

"ಚೀಲದಲ್ಲಿ ಭದ್ರವಾಗಿದೆ ಅಕ್ಕ."

"ತೆಗೆದು ತೋರ್ಸು."

ಚೀಲದಿಂದ ಫಳಫಳ ಹೊಳೆಯುವ ಕುಕ್ಕರ್ ಹೊರಬಂತು.

"ಇದು ಹೊಸದಲ್ವೇನೋ, ಮುಟ್ಟಾಳ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಹದೇವ ಸ್ಪೀಕರ್ ಆರಿಸಿ, ಸಾಲು ಬಿಟ್ಟು ಮೆಟ್ಟಿಲಿನತ್ತ ಸರಿದ. ಹೋಗುತ್ತ ಹೋಗುತ್ತ ಅವನ ದನಿ ಸಣ್ಣದಾಯಿತು.

"ಹೊಡೀಲಿಲ್ಲ ಅಕ್ಕ. ಕೈ ಎತ್ತಿದ್ದಕ್ಕೇ ಅವನ ಕಡೆಯೋರು ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಗುದ್ದಿದ್ರು. ಆಮೇಲೆ ಅವನೇ ಕಾಫಿ ಕೊಟ್ಟು, ಎಕ್ಸ್‌ಚೇಂಜ್ ಆಫರ್ ಇದೆ ಅಂದ. ಹಳೇದು ಕೊಟ್ಟು ಇದನ್ನ ತಗೊಂಡ್ ಬಂದ್ಬಿಟ್ಟೆ."