ಗದ್ದದ ಮಚ್ಚಿ

ಆ ಕುರ್ಚಿ ಬ್ಯಾಡ, ಹಸಿ ಐತಿ! ಸ್ಟೂಲಿನ ಮ್ಯಾಲ ಕೂಡು, ವಿಜಯಶ್ರೀ... ಹಾಂ, ಹಂಗ. ಕಾಕಾ ಎದ್ದು ನಿಂತು ಕರೀಲಿಲ್ಲ ಅಂತ ಸಿಟ್ಟಾಗಬ್ಯಾಡವಾ. ಈಗಷ್ಟ ಹಳೀ ಪಿಚ್ಚರ್ ಪೋಸ್ಟರಿನ ಬೆನ್ನಿಗೆ ಮೈದಾ ಅಂಟು ಹಚ್ಚಿ ಅರಿವಿ ಮ್ಯಾಲ ಕೂಡಿಸೀನಿ. ಕೈ ತಗದ್ರ ಕಾಗದ ಏಳತೈತಿ. ಒಣಗೂ ತನಕ ಹಿಂಗ ಒತ್ತಿ ಹಿಡೀಬೇಕು... ಏನು ಕೇಳಿದಿ? ಮಚ್ಚಿ? ಎಂಥಾ ಮಚ್ಚಿ?

ಓ... ನಿಮ್ಮವ್ವ ಹೇಳಿದಳೇನು! ಬಸಲಿಂಗಮ್ಮ ವೈನಿ ಇನ್ನೂ ನೆನಪಿಟ್ಟಾಳ! ಹೌದು ಮತ್ತ, ಆಕೀದ ಮಚ್ಚಿ ಅದು. ಗದ್ದದ ಎಡಕ್ಕ, ಎಳ್ಳಿನಷ್ಟು. ಆವಾಗ ಪ್ರೆಸ್ಸಿನ್ಯಾಗ ಚಿತ್ರ ಬರಿಯಾಂವಗ ಹೆಸರು ಹಾಕಾಕ ಬಿಡತಿದ್ದಿಲ್ಲ. ಕೆಳಗ ಪ್ರೆಸ್ಸಿನ ಹೆಸರು ಅಷ್ಟ. ನಿಮ್ಮಪ್ಪ ಸೋಮಣ್ಣ ಏನು ಮಾಡತಿದ್ದ ಗೊತ್ತೇನು? ಹೀರೋಯಿನ್ ಇರಲಿ, ಹೀರೋನ ಅವ್ವ ಇರಲಿ, ಯಾರರ ಒಬ್ಬಾಕಿ ಗದ್ದಕ್ಕ ಹೆಂಡತಿ ಮಚ್ಚಿ ಇಟ್ಟುಬಿಡತಿದ್ದ! "ವೈಜನಾಥ, ನನ್ನ ಸಹಿ ಇದು, ಯಾರ ಮುಂದೂ ಅನಬ್ಯಾಡ" ಅಂತಿದ್ದ. ಒಂದು ಡಾಕು ಪಿಚ್ಚರಿನ ಪೋಸ್ಟರಿನ್ಯಾಗ ಹೆಣ್ಣ ಇದ್ದಿಲ್ಲ. ಸೋಮಣ್ಣ ಬಿಟ್ಟಾನೇನು? ಕುದುರಿ ಗದ್ದಕ್ಕ ಇಟ್ಟ!... ಯಾಕ ನಗತಿ? ಖರೇನ ಹೇಳಾಕತ್ತೀನಿ. ಆ ಪೋಸ್ಟರ್ ನೋಡಿ ವೈನಿ ಎರಡು ದಿನ ಅವನ ಜೋಡಿ ಮಾತು ಬಿಟ್ಟಿದ್ದಳು. ನಗು, ನಗು... ನೀ ನಕ್ಕರ ನನಗೂ ಹಗುರ ಆಗತೈತಿ.

ಹುಂ. ನಿಲ್ಲಿಸಿದಿ. ಸನತ್‌ನಗರದಿಂದ ಎರಡು ಬಸ್ ಬದಲಿಸಿ ಅಬಿಡ್ಸಿನ ತನಕ ಬಂದಾಕಿ, ಬರೇ ನಗಾಕ ಬಂದಿಲ್ಲ ನೀ.

ಗೊತ್ತೈತಿ ನನಗ. ಹಳೀ ಪೋಸ್ಟರ್ ಕೂಡಿಹಾಕೂ ಉಪೇಂದ್ರ ಸಾಹೇಬರು ಸೋಮವಾರ ತಮ್ಮ ಹನ್ನೆರಡು ಪೋಸ್ಟರ್ ಪ್ರದರ್ಶನಕ್ಕ ಇಡತಾರ. ಹನ್ನೆರಡೂ ನಿಮ್ಮಪ್ಪ ಬರದದ್ದು. ಕೆಳಗ ಚೀಟಿ ಮ್ಯಾಲ ಮಾತ್ರ 'ಕಲಾವಿದ ಯಾರೋ ತಿಳಿದಿಲ್ಲ' ಅಂತ. ಗುರುತು ತೋರಿಸ್ರಿ, ಸೋಮಣ್ಣನ ಹೆಸರು ಹಾಕತೀವಿ ಅಂದ್ರು ಗ್ಯಾಲರಿಯವರು, ಅಲ್ಲಾ? ನೀ ಹೋಗಿ ನೋಡಿದಿ. ಹನ್ನೊಂದು ತೂಗು ಹಾಕ್ಯಾರ. ಒಂದರಾಗೂ ಮಚ್ಚಿ ಇಲ್ಲ. ಕುದುರಿಗೂ ಇಲ್ಲ.

ಏನು ಮಾಡೂದು ತಂಗಿ! ಐವತ್ತು ವರ್ಷದ ಕಾಗದ. ನೀರಾಗ ನೆನಸಬೇಕು, ಹಳೀ ಅಂಟು ಬಿಡಸಬೇಕು... ಮ್ಯಾಲ ಬಿಸಲು, ಹುಳ, ಧೂಳ... ಎಳ್ಳಿನಷ್ಟು ಕರೀ ಚುಕ್ಕಿ ಎಲ್ಲಿ ನಿಲ್ಲತೈತಿ? ತೊಳದು ಹೋಗಿರತೈತಿ. ಬ್ಯಾರೆ ಪ್ರತಿ ಎಲ್ಲೈತವಾ! ಗ್ವಾಡಿಗೆ ಹಚ್ಚಿದ್ದು ಮಳಿಗೆ ಹೋತು, ಉಳದದ್ದು ರದ್ದಿಗೆ ಹೋತು. ಇವು ಒಂದೊಂದ ಉಳದಾವು.

...ನನ್ನ ಕೈ ಯಾಕ ಹಂಗ ನೋಡಾಕತ್ತಿ? ಹೇಳಿದ್ನಲ್ಲ, ತಗದ್ರ ಏಳತೈತಿ ಅಂತ. ಏನು? ಏಳೂದು ಅಂಚು, ನಡುವ ಯಾಕ ಒತ್ತೀನಿ ಅಂತಿಯೇನು... ಪೇಂಟರನ ಮಗಳು ನೀ. ನಿನ್ನ ಮುಂದ ಏನು ಮುಚ್ಚಲಿ.

ತಗೋ. ತಗದೆ ಕೈ. ನೋಡು.

ಹೌದು. ಐತಿ. ಹನ್ನೆರಡನೇದು ಇದು. ಬಸಲಿಂಗಮ್ಮ ವೈನಿ ಮಚ್ಚಿ, ಇಟ್ಟಲ್ಲೇ ಐತಿ. ಮೂರು ಸಲ ನೀರಾಗ ಹಾಕಿ ತಗದೀನಿ, ಹೋಗಿಲ್ಲ. ಅಚ್ಚಿನ ಮಸಿ ನೀರಿಗೆ ಹೋಗೂದಿಲ್ಲ, ವಿಜಯಶ್ರೀ. ನನಗ ಗೊತ್ತೈತಿ. ಸುಳ್ಳು ಹೇಳಿದೆ.

ಉಪೇಂದ್ರ ಸಾಹೇಬರು ಹೇಳಿದ್ರವಾ! ಕಲಿ, ಚುಕ್ಕಿ ಒಂದೂ ಕಾಣಬಾರದು ಅಂದ್ರು, ಹೊಸಾದಂಗ ಆಗಬೇಕು ಅಂದ್ರು. ಅವರ ಮಾಲು, ಅವರ ಮಾತು... ನಾ ಕೂಲಿ ಮನಶ್ಯಾ. ಇದ ಬ್ಲೇಡಿನ ತುದೀಲೆ ಕೆರದೆ, ಮ್ಯಾಲ ಮೈಬಣ್ಣ ಹಚ್ಚಿದೆ. ಹನ್ನೊಂದು ಸಲ. ನಿಮ್ಮಪ್ಪ ನನಗ ಕೆಟ್ಟ ಪ್ರತಿ ತಿದ್ದೂದು ಕಲಿಸುಮುಂದ ಒಂದ ಮಾತು ಹೇಳಿದ್ದ: "ಹರಿದಲ್ಲಿ ಹಚ್ಚು, ಇದ್ದದ್ದನ್ನ ಮುಟ್ಟಬ್ಯಾಡ." ಬ್ಲೇಡ್ ಹಿಡಿದಾಗೊಮ್ಮೆ ಆ ಮಾತು ಕಿವ್ಯಾಗ ಬರತಿತ್ತು. ಹುಮನಾಬಾದಿನಿಂದ ನನ್ನ ಕೈ ಹಿಡದು ಈ ಊರಿಗೆ ಕರಕೊಂಡು ಬಂದಾಂವ, ವಿಜಯಶ್ರೀ. ಅದ ಕೈಲೆ...

ತಡಿ, ತಡಿ. ತಿರುಗಿ ಇಟ್ಟುಕೊಡತೀನಿ! ನಾಳಿ ಮುಂಜಾನೆ ಗ್ಯಾಲರಿಗೆ ಹೋಗಿ, ಸಣ್ಣ ಬ್ರಶ್‌ಲೆ ಹನ್ನೊಂದು ಚುಕ್ಕಿ. ಜಾಗ ನನಗ ಕಣ್ಣು ಮುಚ್ಚಿದ್ರೂ ಗೊತ್ತೈತಿ. ಯಾರಿಗೆ ತಿಳೀತೈತಿ?... ಯಾಕ ತಲಿ ಅಲ್ಲಾಡಸತಿ?

...ಹೌದು. ನಾ ಇಟ್ಟರ ಅದು ನನ್ನ ಚುಕ್ಕಿ. ಸೋಮಣ್ಣನ ಸಹಿ ಸೋಮಣ್ಣನ ಹಾಕಬೇಕು. ಅವನಿಲ್ಲ.

ಬೈ ನನಗ. ಬ್ಯಾಡಾದ್ರ ಆ ಉಪೇಂದ್ರ ಸಾಹೇಬರನ್ನರ ಬೈ!... ಅವರ ಹೆಸರು ತಗದ ಕೂಡ್ಲೇ ಬ್ಯಾಗಿಗೆ ಕೈ ಹಾಕಿದಿ. ಯಾಕ? ...ಭೇಟಿಯಾಗಿ ಬಂದೀಯೇನು ಅವರನ್ನ? ...ಮಚ್ಚಿ ಕೆರಿ ಅಂತ ನೀವು ಹೇಳಿದ್ರೇನು ಅಂತ ಕೇಳಿದಿ?

ಹಿಂಗ ನೋಡಬ್ಯಾಡವಾ. ನಿಮ್ಮಪ್ಪನ ಕಣ್ಣು ಅವು.

ಹೇಳಿಲ್ಲ. ಅವರು ಹೇಳಿಲ್ಲ, ಯಾರೂ ಹೇಳಿಲ್ಲ. ಆ ಆಮಂತ್ರಣ ಕಾರ್ಡ್ ಯಾಕ ನನ್ನ ಮುಂದ ಇಡತಿ? ಓದೀನಿ ಅದನ್ನ. 'ಜೀರ್ಣೋದ್ಧಾರ: ವೈಜನಾಥ'. ಎಷ್ಟು ದೊಡ್ಡ ಅಕ್ಷರ!

ಮೊದಲನೇ ಪೋಸ್ಟರ್ ಮುಗಿಸಿ ಕೊಟ್ಟ ದಿನ ಸಾಹೇಬರ ಮನಿಗೆ ಮಂದಿ ಬಂದಿದ್ರು. ಒಬ್ಬಾಕಿ ಮಚ್ಚಿ ಮ್ಯಾಲ ಬಟ್ಟಿಟ್ಟು, "ಎಷ್ಟು ಚಂದ! ಇದನ್ನ ಬರದಾಂವ ಯಾರು?" ಅಂದಳು. ಎಲ್ಲಾರೂ ಅದನ್ನ ನೋಡಿದ್ರು. ಮೂರು ತಿಂಗಳು ಕಣ್ಣು ಹಾಳು ಮಾಡಿಕೊಂಡಾಂವ ನಾನು, ಅಲ್ಲೇ ಚಾದ ಕಪ್ಪು ಹಿಡಕೊಂಡು ನಿಂತಿದ್ದೆ. ಒಬ್ಬರೂ ನನ್ನ ಕಡೆ ಹೊಳ್ಳಿ ನೋಡಲಿಲ್ಲ. ಸೋಮಣ್ಣ ಸತ್ತು ಇಪ್ಪತ್ತು ವರ್ಷ ಆತು, ಅವನಿಟ್ಟ ಚುಕ್ಕಿ ಇನ್ನೂ ನನ್ನ ಮುಂದ ನಿಂತೈತಿ ಅನಿಸಿತು. ಹೊಟ್ಟಿ ಉರೀತು, ತಂಗಿ. ಅಂಚು ಎದ್ದೈತಿ, ಸರಿ ಮಾಡತೀನಿ ಅಂತ ಸುಳ್ಳು ಹೇಳಿ ಆ ಪೋಸ್ಟರ್ ಹೊಳ್ಳಿ ತಂದೆ. ತಂದು ಕೆರದೆ. ಆಮ್ಯಾಲಿನವು ಇಲ್ಲಿಂದ ಹೊರಗ ಹೋಗೂಕಿಂತ ಮೊದಲ ಕೆರದೆ.

ಪೆನ್ನು ಕೊಡು. ಕಾರ್ಡಿನ ಹಿಂದ ಜಾಗ ಐತಿ. ಬರೀತೀನಿ... 'ಈ ಹನ್ನೆರಡೂ ಸೋಮಣ್ಣ ಬರೆದದ್ದು. ಆತನ ಗುರುತು ಕೆರೆದವನು ನಾನು, ವೈಜನಾಥ. ಹನ್ನೆರಡನೆಯದರಲ್ಲಿ ಇನ್ನೂ ಇದೆ, ನೋಡಿರಿ.' ಸಾಕೇನು? ಗ್ಯಾಲರಿಯವರಿಗೆ ತೋರಸು. ಈ ಪೋಸ್ಟರ್ ಒಣಗಲಿ, ಸಂಜಿಗೆ ನಾನ ತಂದು...

...ಹೊಂಟಿಯೇನು? ಕಾರ್ಡ್ ತಗೋವಾ.

ಆ ಬ್ಲೇಡ್ ಯಾಕ ಎತ್ತಿ ಬ್ಯಾಗಿನ್ಯಾಗ ಹಾಕ್ಕೊಂಡಿ?

...ಒಯ್ಯಿ. ಸಂಜಿತನಕ ಹನ್ನೆರಡನೇದು ನನ್ನ ಕೈಯಾಗ ಇರತೈತಲ್ಲ. ಒಯ್ಯಿ, ತಂಗಿ.